ಎತ್ತಿ ಕುಡಿದ ನೀರು

ಕಳೆದ ವರ್ಷ ಕಾರ್ತಿಕ ಮಾಸದ ಎರಡನೇ ಸೋಮವಾರ, ಬೆಳಿಗ್ಗೆ ಆರೂ ಮುಕ್ಕಾಲಿಗೆ, ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಲ್ಲಿ ನನ್ನ ಸೋದರಮಾವ ಕುಡಿಯುತ್ತಿದ್ದ ಕಾಫಿ ಅವರ ಬಾಯಿಯ ಎಡ ಮೂಲೆಯಿಂದ ಹೊರಗೆ ಹರಿಯಿತು. ಅತ್ತೆ ಮೊದಲು ಗದರಿದರು.

“ಪಂಚೆ ಮ್ಯಾಲೆಲ್ಲ ಚೆಲ್ಕತ್ತಾ ಇದ್ದೀರಲ್ಲ, ಗ್ಯಾನ ಎಲ್ಲದೆ?”

ಮಾವ ಉತ್ತರ ಹೇಳಲು ಹೋದರು. ಮಾತು ಕಲಸಿಹೋಗಿತ್ತು. ಅವರ ಮಗ ಕಾರು ತೆಗೆದ. ಏಳೂವರೆಗೆ ಚನ್ನರಾಯಪಟ್ಟಣದ ಆಸ್ಪತ್ರೆ, ಒಂಬತ್ತಕ್ಕೆ ಹಾಸನ. ಮೆದುಳಿನ ಬಲಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಿದೆ, ಸ್ಟ್ರೋಕ್ ಎಂದರು. ಎಡಗೈ, ಎಡಗಾಲು, ಮುಖದ ಎಡಭಾಗ ಸೋತಿದ್ದವು. ಬಲಗೈ ಚೆನ್ನಾಗಿಯೇ ಇತ್ತು. ಆ ಬಲಗೈ ವಿಷಯವನ್ನು ಅವತ್ತು ಫೋನು ಮಾಡಿದ ನೆಂಟರಿಗೆಲ್ಲ ಒಳ್ಳೆಯ ಸುದ್ದಿ ಎಂದು ನಾನೇ ಹೇಳಿದೆ.

ನಾನು ಹಾಸನದ ಒಂದು ಪತ್ರಿಕೆಯಲ್ಲಿ ವರದಿಗಾರ. ಎಲ್ಲಿ ಹೋದರೂ ಗಂಟೆ ಎಷ್ಟು, ಯಾರು ಏನಂದರು ಎಂದು ಗುರುತು ಹಾಕಿಕೊಳ್ಳುವ ಅಭ್ಯಾಸ. ಮಾವನ ಆಸ್ಪತ್ರೆ ದಿನಗಳಲ್ಲೂ ಅದು ಬಿಡಲಿಲ್ಲ. ಈ ಬರಹಕ್ಕೆ ಆ ಟಿಪ್ಪಣಿ ಪುಸ್ತಕವೇ ಆಧಾರ.

ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಈ ಕಡೆ ಹಿರೀಸಾವೆ, ಬೆಂಗಳೂರು ದಾರಿ, ಎಲ್ಲ ರೂಟಿನಲ್ಲೂ ಓಡಾಡಿದ್ದಾರೆ. ನಿವೃತ್ತಿಯಾದ ಮೇಲೂ ಊರಿನಲ್ಲಿ ಅವರನ್ನು ಕಂಡಕ್ಟ್ರು ಅಂತಲೇ ಕರೆಯುತ್ತಾರೆ. ಅವರಿಗೆ ಎರಡು ವಿಷಯದಲ್ಲಿ ಹೆಮ್ಮೆ ಇತ್ತು. ಒಂದು, ಎರಡು ಮುದ್ದೆ ಉಂಡು ಏಳುವಾಗ ತಟ್ಟೆ ತೊಳೆದಂತಿರುತ್ತಿದ್ದದ್ದು. ಇನ್ನೊಂದು, ಓಡುವ ಬಸ್ಸಿನಲ್ಲಿ ನೀರು ಎತ್ತಿ ಕುಡಿಯುತ್ತಿದ್ದದ್ದು. ಹಿರೀಸಾವೆ ಹೋಟೆಲಿನ ಮುಂದೆ ಬಸ್ಸು ನಿಂತು ಹೊರಟ ಮೇಲೆ, ಒಂದು ಕೈಯಲ್ಲಿ ಕಂಬಿ ಹಿಡಿದು, ಕತ್ತು ಹಿಂದಕ್ಕೆ ಮಾಡಿ, ಗೇಣುದ್ದ ಮೇಲಿನಿಂದ ಬಾಟಲಿ ನೀರನ್ನು ಗಂಟಲಿಗೆ ಇಳಿಸುತ್ತಿದ್ದರು. ಖಾಕಿ ಶರಟಿನ ಮೇಲೆ ಒಂದು ಹನಿ ಬೀಳುತ್ತಿರಲಿಲ್ಲ. ಡ್ರೈವರ್ ಬೇಕೆಂದೇ ಗುಂಡಿಗೆ ಇಳಿಸಿ ಕನ್ನಡಿಯಲ್ಲಿ ನೋಡುತ್ತಿದ್ದನಂತೆ. “ನಿನ್ ಸ್ಟೇರಿಂಗ್ ಅಲ್ಲಾಡ್ಬೋದು ಕಣ್ಲಾ, ನನ್ ಕೈ ಅಲ್ಲಾಡಕಿಲ್ಲ” ಎಂದು ಮಾವ ಹೇಳುತ್ತಿದ್ದರಂತೆ. ಈ ಕಥೆಯನ್ನು ಹೊಳೆನರಸೀಪುರದ ನಮ್ಮ ಮನೆಗೆ ಬಂದಾಗೆಲ್ಲ ಹೇಳುತ್ತಿದ್ದರು.

ನನಗೊಬ್ಬಳು ತಂಗಿ ಇದ್ದಾಳೆ. ಮಾತು ಸರಿಯಿಲ್ಲದವರಿಗೆ, ನುಂಗಲು ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುವುದು ಅವಳ ಕೆಲಸ. ಮೈಸೂರಿನಲ್ಲಿ ಓದಿ ಬಂದು ಹಾಸನದ ಒಂದು ಆಸ್ಪತ್ರೆಯಲ್ಲಿದ್ದಾಳೆ. ಪ್ರತಿ ಗುರುವಾರ ಅರಕಲಗೂಡಿಗೆ ಹೋಗಿ ಅಲ್ಲೊಂದು ಶಿಬಿರ ನಡೆಸುತ್ತಾಳೆ. ಅವಳು ಈ ಓದಿಗೆ ಸೇರಿದಾಗ ಮನೆಯಲ್ಲಿ ಯಾರಿಗೂ ಅದೇನೆಂದು ಪೂರ್ತಿ ಅರ್ಥವಾಗಿರಲಿಲ್ಲ. ಮಾವನಂತೂ ನಮ್ಮ ನಡುಮನೆಯಲ್ಲಿ ಕೂತು ತೊಡೆ ತಟ್ಟಿ ನಕ್ಕಿದ್ದರು.

“ನುಂಗದ ಕಲ್ಸಕ್ಕೂ ಒಂದು ಕಾಲೇಜೇನವ್ವಾ? ನನ್ ಕೇಳಿದ್ರೆ ಮುದ್ದೆ ಬಸ್ಸಾರು ಇಕ್ಕಿ ಒಂದೇ ದಿನ್ದಲ್ಲಿ ಕಲ್ಸ್‌ತಿದ್ದೆ.”

“ಆಯ್ತು ಮಾವ, ನಿನ್ನೇ ಪ್ರಿನ್ಸಿಪಾಲ್ ಮಾಡ್ತೀವಿ” ಎಂದಿದ್ದಳು ತಂಗಿ.

ಸ್ಟ್ರೋಕ್ ಆದ ಮೂರನೆಯ ದಿನ, ಬುಧವಾರ ಹನ್ನೊಂದು ಗಂಟೆಗೆ, ಅವಳು ಮಾವನ ಹಾಸಿಗೆಯ ಹತ್ತಿರ ಬಂದಳು. ಅದಕ್ಕೆ ಮೊದಲು ಡಾಕ್ಟರ ಹತ್ತಿರ ಹೋಗಿ, ಈ ರೋಗಿ ನನ್ನ ಸೋದರಮಾವ, ಬೇರೆಯವರು ನೋಡುವುದಾದರೆ ನೋಡಲಿ ಎಂದು ಹೇಳಿದ್ದಳು. ಆಸ್ಪತ್ರೆಯಲ್ಲಿ ಆ ಕೆಲಸಕ್ಕೆ ಅವಳೊಬ್ಬಳೇ ಇದ್ದದ್ದು. ಡಾಕ್ಟರು, “ಹಾಗಾದ್ರೆ ಇನ್ನೂ ಹುಷಾರಾಗಿ ನೋಡಿ” ಎಂದಷ್ಟೇ ಹೇಳಿದರಂತೆ.

ಅಲ್ಲಿಯವರೆಗೆ ಅವಳು ಕೆಲಸ ಮಾಡುವುದನ್ನು ನಾನು ನೋಡಿರಲಿಲ್ಲ. ಮೊದಲು ಮಾವನನ್ನು ನೆಟ್ಟಗೆ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟಳು. ಬಾಯಿ ಒರೆಸಿದಳು. ನಾಲಗೆ ಚಾಚಿಸಿ, ಎಡಕ್ಕೆ ಬಲಕ್ಕೆ ಆಡಿಸಿ ನೋಡಿದಳು. ಕೆಮ್ಮಿಸಿದಳು. ‘ಆ’ ಅನ್ನಿಸಿ ಆ ದನಿಯನ್ನು ಕೇಳಿಸಿಕೊಂಡಳು. ಆಮೇಲೆ ಒಂದು ಟೀ ಚಮಚ ನೀರು. ಎಡಗೈಯ ಎರಡು ಬೆರಳು ಮಾವನ ಗದ್ದದ ಕೆಳಗೆ, ಎರಡು ಬೆರಳು ಗಂಟಲ ಗಂಟಿನ ಮೇಲೆ. ಗಂಟು ಮೇಲೆದ್ದು ಇಳಿಯುವುದನ್ನು ಬೆರಳಿನಿಂದಲೇ ಕಾಯುತ್ತಿದ್ದಳು.

ಮಾವ ನೀರು ನುಂಗಿದರು. ಕೆಮ್ಮಲಿಲ್ಲ. ಅತ್ತೆಯ ಮುಖ ಅರಳಿತು.

“ಈಗ ಆ ಅನ್ನು ಮಾವ.”

ಮಾವ ಆ ಅಂದರು. ಅದು ಬೇರೆ ದನಿ. ನೀರಿನೊಳಗಿಂದ ಗುಳುಗುಳು ಅನ್ನುವ ಹಾಗೆ ಬಂತು. ತಂಗಿ ಇನ್ನೆರಡು ಚಮಚ ಕೊಟ್ಟಳು. ಎರಡರಲ್ಲೂ ಅದೇ. ಚಮಚ ಕೆಳಗಿಟ್ಟಳು.

“ಚೆನ್ನಾಗೇ ಕುಡುದ್ರಲ್ಲವ್ವಾ” ಎಂದರು ಅತ್ತೆ.

“ಕುಡಿದ್ರು ಅತ್ತೆ. ಆದ್ರೆ ಒಂದಿಷ್ಟು ಶ್ವಾಸಕೋಶದ ದಾರಿ ಹಿಡೀತು.”

“ಕೆಮ್ಮಲೇ ಇಲ್ವಲ್ಲ?”

“ಅದೇ ತೊಂದ್ರೆ. ನಮಗೆಲ್ಲ ತಪ್ಪಿ ಹೋದ್ರೆ ಕೆಮ್ಮು ಬಂದು ಆಚೆ ತಳ್ಳುತ್ತೆ. ಮಾವಂಗೆ ಅಲ್ಲಿ ಗೊತ್ತೇ ಆಗ್ತಿಲ್ಲ. ಸದ್ದಿಲ್ದೆ ಇಳಿದುಹೋಗುತ್ತೆ. ಹಿಂಗೇ ಊಟ ಕೊಟ್ರೆ ನ್ಯುಮೋನಿಯ ಆಗುತ್ತೆ.”

ಅವತ್ತು ಮಧ್ಯಾಹ್ನ ಮಾವನ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದರು. ಹಾಕುವಾಗ ಇಬ್ಬರು ಹಿಡಿದುಕೊಳ್ಳಬೇಕಾಯಿತು. ಆಮೇಲೆ ಮಾವ ಗೋಡೆ ಕಡೆ ಮುಖ ತಿರುಗಿಸಿ ಮಲಗಿದರು.

ಹನ್ನೆರಡನೆಯ ದಿನದವರೆಗೆ ದಿನಕ್ಕೆರಡು ಹೊತ್ತು ಅವಳು ಅವರಿಂದ ವ್ಯಾಯಾಮ ಮಾಡಿಸಿದಳು. ನಾಲಗೆಯನ್ನು ಅಂಗುಳಕ್ಕೆ ಒತ್ತುವುದು, ಬರೀ ಎಂಜಲನ್ನೇ ಗಟ್ಟಿಯಾಗಿ ನುಂಗುವುದು, ಮಲಗಿಕೊಂಡೇ ತಲೆ ಎತ್ತಿ ಹೆಬ್ಬೆರಳು ನೋಡುವುದು. ಮಾವನ ಮಾತು ಅಷ್ಟರಲ್ಲಿ ಸ್ವಲ್ಪ ತಿಳಿಯಾಗಿತ್ತು. “ಚೆಕ್ಕಿಂಗ್ ಇನ್‌ಸ್ಪೆಕ್ಟ್ರು ಬಂದ್ಲು” ಎಂದು ಅವಳನ್ನು ಕಂಡಾಗ ಹೇಳತೊಡಗಿದ್ದರು. ಹನ್ನೆರಡನೆಯ ದಿನ ಮತ್ತೆ ಪರೀಕ್ಷೆ. ಮೊದಲು ಗಟ್ಟಿ ಗಂಜಿ, ಆಮೇಲೆ ಚಮಚದಲ್ಲಿ ನೀರು, ಆಮೇಲೆ ಲೋಟವನ್ನು ಅವಳೇ ಅವರ ತುಟಿಗೆ ಹಿಡಿದು ಗುಟುಕು ಗುಟುಕಾಗಿ ನೀರು. ಪ್ರತಿ ಸಲವೂ ಆ. ಪ್ರತಿ ಸಲವೂ ದನಿ ಒಣಗಿತ್ತು, ಗುಳುಗುಳು ಇರಲಿಲ್ಲ. ನಳಿಕೆ ತೆಗೆದರು. ಹದಿನಾರನೆಯ ದಿನ ಮಾವ ಬಾಗೂರಿಗೆ ಹೋದರು.

ಹೋಗುವಾಗ ಅವಳು ಹೇಳಿದ್ದನ್ನು ನಾನೇ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ನೆಟ್ಟಗೆ ಕೂತು ಉಣ್ಣುವುದು. ಉಂಡ ಮೇಲೆ ಅರ್ಧ ಗಂಟೆ ಮಲಗಬಾರದು. ಉಣ್ಣುವಾಗ ಮಾತಿಲ್ಲ, ಟೀವಿ ಇಲ್ಲ. ನೀರು ಸ್ವಲ್ಪ ಸ್ವಲ್ಪ, ಲೋಟದಲ್ಲಿ. ಮುದ್ದೆ ಸದ್ಯಕ್ಕೆ ಬೇಡ, ಮೆತ್ತಗಿನ ಅನ್ನ. ಅತ್ತೆ ಆ ಹಾಳೆಯನ್ನು ಅಡುಗೆಮನೆ ಗೋಡೆಗೆ ಅಂಟಿಸಿದರು. ಅತ್ತೆ ಒಂದನ್ನೂ ಮೀರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಮುಂದೆ ನೆಂಟರಲ್ಲಿ ಕೆಲವರು ಅವರ ಮೇಲೆ ಅನುಮಾನಪಟ್ಟರು.

ಮನೆಗೆ ಹೋದ ಏಳನೆಯ ದಿನ ಮಾವನಿಗೆ ಚಳಿಜ್ವರ ಬಂತು. ಮಂಗಳವಾರ ಮತ್ತೆ ಹಾಸನಕ್ಕೆ ಕರೆತಂದರು. ಎಕ್ಸರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗೆ ಕಾಣುತ್ತಿತ್ತು. ನ್ಯುಮೋನಿಯ. ಡ್ರಿಪ್ ಮೂಲಕ ಔಷಧಿ ಶುರುವಾಯಿತು, ಬಾಯಿಗೆ ಏನೂ ಇಲ್ಲ. ಡಾಕ್ಟರು ನಮ್ಮನ್ನು ಕರೆದು ಹೇಳಿದರು: ನುಂಗಿದ್ದು ಶ್ವಾಸಕೋಶಕ್ಕೆ ಹೋಗುತ್ತಿದೆ, ಇನ್ನೊಂದು ಸಲ ಹೀಗಾದರೆ ಜೀವಕ್ಕೆ ಕಷ್ಟ. ಈಗ ಮೂಗಿನ ನಳಿಕೆ, ಆಮೇಲೆ ಹೊಟ್ಟೆಗೇ ನೇರವಾಗಿ ಒಂದು ನಳಿಕೆ ಕೂರಿಸುವುದು ಒಳ್ಳೆಯದು. ಬಾಯಿಂದ ಊಟ ಬಿಡಬೇಕಾಗಬಹುದು.

ಮಾವ ಎಲ್ಲವನ್ನೂ ಕೇಳಿಸಿಕೊಂಡರು. ಬಲಗೈಯನ್ನು ಮೂಗಿಗೆ ಅಡ್ಡ ಹಿಡಿದರು.

“ಸಾ, ನಳ್ಕೆ ಬ್ಯಾಡ. ಒಂದು ತುತ್ತು ಮುದ್ದೆ ಉಂಡು ಓಯ್ತೀನಿ, ಬುಡಿ.”

“ಹಂಗನ್ಬೇಡಿ” ಎಂದು ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡರು.

ಡಾಕ್ಟರು ಶನಿವಾರದವರೆಗೆ ಸಮಯ ಕೊಟ್ಟರು. ಅಷ್ಟರೊಳಗೆ ಜ್ವರ ಇಳಿದು, ನುಂಗುವುದು ಸರಿಯಿದೆ ಎಂದು ಗೊತ್ತಾದರೆ ಸರಿ. ಇಲ್ಲದಿದ್ದರೆ ನಳಿಕೆ.

ಬುಧವಾರ ಇಡೀ ಮಧ್ಯಾಹ್ನ ತಂಗಿ ಅತ್ತೆಯನ್ನು ಕೂರಿಸಿಕೊಂಡು ಬೆಳಿಗ್ಗೆ ಎದ್ದಾಗಿನಿಂದ ಮಾವನ ಬಾಯಿಗೆ ಏನೇನು ಹೋಯಿತು ಎಂದು ಕೇಳಿದಳು. ನಾನು ಪಕ್ಕದಲ್ಲಿ ಬರೆದುಕೊಂಡೆ. ಕಾಫಿ, ಕೂತು, ಗುಟುಕು ಗುಟುಕಾಗಿ. ಇಡ್ಲಿ, ಸಾರಿನಲ್ಲಿ ನೆನೆಸಿ. ಅನ್ನ, ಕಿವುಚಿ. ಮಾತ್ರೆ, ಪುಡಿ ಮಾಡಿ. ನೀರು?

“ಲೋಟ್ದಲ್ಲೇ ಕಣವ್ವ. ನೀನು ಹೇಳ್ದಂಗೆ. ಸ್ವಲ್ಪ ಸ್ವಲ್ಪ.”

“ಕೂತ್ಕೊಂಡೇನಾ?”

“ಕೂತ್ಕಂಡೇ. ನಮ್ಮಪ್ಪನಾಣೆ.”

ತಂಗಿ ಆ ಪಟ್ಟಿಯನ್ನು ಎರಡು ಸಲ ಓದಿದಳು. ತಪ್ಪು ಸಿಗಲಿಲ್ಲ. “ಹಂಗಾದ್ರೆ ನನ್ನ ಪರೀಕ್ಷೇನೇ ತಪ್ಪಿರ್ಬೇಕು ಅಣ್ಣ” ಎಂದಳು. ಅಳುವ ದನಿಯಲ್ಲಿ ಹೇಳಲಿಲ್ಲ. ಲೆಕ್ಕ ತಾಳೆಯಾಗದಿದ್ದಾಗ ಮೊದಲಿಂದ ಕೂಡಲು ಹೊರಟವರು ಹೇಳುವ ಹಾಗೆ ಹೇಳಿದಳು.

ಮರುದಿನ ಗುರುವಾರ. ಅವಳು ಅರಕಲಗೂಡಿನ ಶಿಬಿರ ತಪ್ಪಿಸಲಿಲ್ಲ. ಹನ್ನೆರಡೂ ಹತ್ತಕ್ಕೆ ನನಗೆ ಅವಳ ಫೋನು ಬಂತು. ನಾನು ಜಿಲ್ಲಾ ಪಂಚಾಯಿತಿಯ ಒಂದು ಸಭೆಯಲ್ಲಿದ್ದೆ. ಎದ್ದು ಹೊರಗೆ ಬಂದೆ.

ಶಿಬಿರದ ವರಾಂಡದಲ್ಲಿ ಒಂದು ಸ್ಟೀಲ್ ಡ್ರಮ್ಮು ಇದೆ. ಅದಕ್ಕೆ ಸರಪಳಿಯಲ್ಲಿ ಕಟ್ಟಿದ ಒಂದೇ ಲೋಟ. ಅವಳು ಕಿಟಕಿಯಿಂದ ನೋಡುತ್ತಿದ್ದಳಂತೆ. ಶ್ರವಣ ಯಂತ್ರಕ್ಕೆ ಬಂದವರು, ಮಕ್ಕಳನ್ನು ಕರೆತಂದ ತಾಯಂದಿರು, ಒಬ್ಬೊಬ್ಬರಾಗಿ ಬಂದು ಆ ಲೋಟದಲ್ಲಿ ನೀರು ಕುಡಿದು ಹೋದರು. ಒಬ್ಬರೂ ತುಟಿಗೆ ಮುಟ್ಟಿಸಲಿಲ್ಲ. ಎಲ್ಲರೂ ಕತ್ತು ಹಿಂದಕ್ಕೆ ಮಾಡಿ ಎತ್ತಿ ಕುಡಿದರು.

“ಅಣ್ಣ, ಮಾವ ಮನೇಲಿ ನೀರು ಹೆಂಗೆ ಕುಡೀತಾನೆ?”

“ಲೋಟದಲ್ಲಿ. ನಿನ್ನೆ ಬರ್ಕೊಂಡ್ವಲ್ಲ.”

“ಲೋಟದಲ್ಲಿ ಅಂತ ಗೊತ್ತು. ಕಚ್ಚಿ ಕುಡೀತಾನಾ, ಎತ್ತಿ ಕುಡೀತಾನಾ?”

ಫೋನನ್ನು ಕಿವಿಯಿಂದ ತೆಗೆದು ನೆಂಟರ ವಾಟ್ಸಾಪ್ ಗುಂಪನ್ನು ತೆರೆದೆ. ಮಾವ ಮನೆಗೆ ಹೋದ ನಾಲ್ಕನೆಯ ದಿನ ಅವರ ಮಗ ಒಂದು ವಿಡಿಯೊ ಹಾಕಿದ್ದ. ಹದಿಮೂರು ಸೆಕೆಂಡಿನದು. ಮಾವ ಹಜಾರದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ. ಬಲಗೈಯಲ್ಲಿ ಲೋಟ ತೆಗೆದುಕೊಂಡು, ಕತ್ತು ಹಿಂದಕ್ಕೆ ಮಾಡಿ, ಗೇಣುದ್ದ ಮೇಲಿಂದ ಒಂದಿಷ್ಟು ನೀರು ಬಾಯಿಗೆ ಬಿಟ್ಟು ಲೋಟ ಇಳಿಸುತ್ತಾರೆ. ಒಂದು ಹನಿಯೂ ಶರಟಿಗೆ ಬೀಳುವುದಿಲ್ಲ. ಹಿಂದಿನಿಂದ ಮಗನ ದನಿ: “ನೋಡ್ರಪ್ಪಾ, ಕಂಡಕ್ಟ್ರು ಡ್ಯೂಟಿಗೆ ವಾಪಸ್!” ಅದರ ಕೆಳಗೆ ಹದಿನೇಳು ಜನ ಕೈಮುಗಿದ ಚಿತ್ರ ಹಾಕಿದ್ದರು. ಅದರಲ್ಲಿ ಮೂರನೆಯದು ನನ್ನದು. ತಂಗಿ ಆ ಗುಂಪಿನಲ್ಲಿ ಇರಲಿಲ್ಲ. ಸದಾ ಫೋನು ಕುಯ್‌ಗುಟ್ಟುತ್ತೆ ಎಂದು ಹಿಂದೆಯೇ ಬಿಟ್ಟಿದ್ದಳು.

ವಿಡಿಯೊವನ್ನು ಅವಳಿಗೆ ಕಳಿಸಿದೆ. ಎರಡು ನಿಮಿಷದ ನಂತರ ಮತ್ತೆ ಫೋನು ಬಂತು.

“ಅಣ್ಣ, ನಾಳೆ ಅತ್ತೆ ಬರುವಾಗ ಆ ಲೋಟ ತರಕ್ಕೆ ಹೇಳು. ಅದೇ ಲೋಟ.”

ಅತ್ತೆ ಸುಳ್ಳು ಹೇಳಿರಲಿಲ್ಲ. ಲೋಟದಲ್ಲಿ, ಕೂತು, ಸ್ವಲ್ಪ ಸ್ವಲ್ಪ. ಮೂರೂ ನಿಜವಾಗಿತ್ತು. ನಮ್ಮ ಕಡೆ ಮನೆಗಳಲ್ಲಿ ಕಾಫಿ ಲೋಟ ಒಬ್ಬೊಬ್ಬರಿಗೆ ಒಂದೊಂದು, ಅದನ್ನು ಕಚ್ಚಿ ಕುಡಿಯಬಹುದು. ನೀರಿನ ಲೋಟ ಕೊಡದ ಮುಚ್ಚಳದ ಮೇಲೆ ಕೂತಿರುತ್ತದೆ, ಮನೆಗೆಲ್ಲ ಒಂದೇ. ಅದನ್ನು ತುಟಿಗೆ ಮುಟ್ಟಿಸಿದರೆ ಎಂಜಲು. ಎತ್ತಿ ಕುಡಿಯುವುದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಏಕೆಂದರೆ ಬೇರೆ ರೀತಿಯಲ್ಲಿ ಕುಡಿಯಬಹುದು ಎಂಬುದೇ ತಲೆಗೆ ಬರುವುದಿಲ್ಲ. ನಮ್ಮ ಅಮ್ಮ ನಮಗೂ ಹಾಗೇ ಕಲಿಸಿದ್ದರು. ಆಸ್ಪತ್ರೆಯಲ್ಲಿ ಲೋಟವನ್ನು ಮಾವನ ತುಟಿಗೆ ಹಿಡಿದದ್ದು ತಂಗಿಯ ಕೈ. ಮನೆಯಲ್ಲಿ ಹಿಡಿದದ್ದು ಮಾವನ ಬಲಗೈ.

ಶುಕ್ರವಾರ ಬೆಳಿಗ್ಗೆ ಮಾವನಿಗೆ ಜ್ವರ ಇರಲಿಲ್ಲ. ಹತ್ತೂವರೆಗೆ ಅವರನ್ನು ಗಾಲಿಕುರ್ಚಿಯಲ್ಲಿ ಕೆಳಗಿನ ಎಕ್ಸರೇ ಕೋಣೆಗೆ ಕರೆದುಕೊಂಡು ಹೋದರು. ನುಂಗುವುದನ್ನು ಅಲ್ಲಿ ಎಕ್ಸರೇಯಲ್ಲೇ ವಿಡಿಯೊ ಥರ ನೋಡಬಹುದು. ನೀರಿಗೆ ಬಿಳಿ ಔಷಧಿ ಬೆರೆಸುತ್ತಾರೆ, ಅದು ಇಳಿಯುವ ದಾರಿ ಪರದೆಯ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತದೆ. ಡಾಕ್ಟರೂ ಬಂದು ನಿಂತರು. ಅತ್ತೆ ಮತ್ತು ನಾನು ಗಾಜಿನ ಈಚೆ ಇದ್ದೆವು.

ಮೊದಲು ತಂಗಿ ಅವರ ತುಟಿಗೆ ಲೋಟ ಹಿಡಿದಳು. ಗದ್ದ ಸ್ವಲ್ಪ ತಗ್ಗಿಸಲು ಹೇಳಿದಳು. ಒಂದು ಗುಟುಕು. ಕಪ್ಪು ಗೆರೆ ನಾಲಗೆಯ ಹಿಂದೆ ಒಂದು ಕ್ಷಣ ನಿಂತು, ಹಿಂಬದಿಯ ಅನ್ನನಾಳಕ್ಕೆ ಇಳಿಯಿತು. ಮೂರು ಸಲ ಹಾಗೇ ಆಯಿತು.

ಆಮೇಲೆ ಬಾಗೂರಿನ ಲೋಟಕ್ಕೆ ಒಂದು ಚಮಚದಷ್ಟು ಹಾಕಿ ಮಾವನ ಬಲಗೈಗೆ ಕೊಟ್ಟಳು.

“ಮನೇಲಿ ಕುಡಿದಂಗೆ ಕುಡಿ ಮಾವ.”

ಮಾವ ಲೋಟ ನೋಡಿ ಗುರುತು ಹಿಡಿದರು. ಎತ್ತಿದರು. ಕತ್ತು ಹಿಂದಕ್ಕೆ ಹೋಯಿತು. ಪರದೆಯ ಮೇಲೆ ಗೆರೆ ನಿಲ್ಲಲೇ ಇಲ್ಲ. ಗಂಟಲು ಮುಚ್ಚಿಕೊಳ್ಳುವ ಮೊದಲೇ ನೇರವಾಗಿ ಇಳಿದು ಎರಡಾಗಿ, ಸಣ್ಣದೊಂದು ಎಳೆ ಮುಂಬದಿಯ ಶ್ವಾಸನಾಳದೊಳಗೆ ಹೋಯಿತು. ಮಾವ ಕೆಮ್ಮಲಿಲ್ಲ. ಆರಾಮಾಗಿ ಲೋಟ ಇಳಿಸಿ, ಶರಟಿನ ಎದೆಯ ಮೇಲೆ ಬೆರಳಾಡಿಸಿ ಒಣಗಿದೆಯೇ ಎಂದು ನೋಡಿಕೊಂಡರು.

ಡಾಕ್ಟರು, “ಇನ್ನೊಮ್ಮೆ ಹಾಕಿ” ಎಂದರು. ಕುಡಿಸುವುದನ್ನಲ್ಲ, ವಿಡಿಯೊವನ್ನು. ನಿಧಾನವಾಗಿ ಎರಡು ಸಲ ನೋಡಿದರು. ಆಮೇಲೆ ತಂಗಿ ಪರದೆಯನ್ನು ಮಾವನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದಳು. ಇದು ಊಟದ ದಾರಿ. ಇದು ಉಸಿರಿನ ದಾರಿ. ಇದು ನೀನು ಎತ್ತಿ ಕುಡಿದ ನೀರು.

ಮಾವ ಪರದೆಯ ಹತ್ತಿರಕ್ಕೆ ಬಾಗಿ ನೋಡಿದರು.

“ಬೋರ್ಡ್ ನೋಡ್ದೆ ಬ್ಯಾರೆ ಬಸ್ ಅತ್ಬುಟ್ಟದೆ ಕಣವ್ವ.”

“ಹೂಂ ಮಾವ. ಟಿಕೆಟ್ಟೂ ತಗಂಡಿಲ್ಲ.”

“ನಂಗೆ ಗೊತ್ತೇ ಆಗ್ನಿಲ್ವಲ್ಲ!” ಎಂದರು ಮಾವ. ಅವರ ದನಿಯಲ್ಲಿ ಭಯ ಕೇಳಿಸಿದ್ದು ನನಗೆ ಅದೇ ಮೊದಲು. ಇಷ್ಟು ವರ್ಷ ಟಿಕೆಟ್ಟಿಲ್ಲದವನನ್ನು ಕೊನೆಯ ಸೀಟಿನಲ್ಲೂ ಪತ್ತೆ ಹಚ್ಚಿದವರು ಅವರು.

ಡಾಕ್ಟರು ಶನಿವಾರದವರೆಗೆ ಕಾಯಲಿಲ್ಲ. ನಳಿಕೆ ಸದ್ಯಕ್ಕೆ ಬೇಡ, ಕತ್ತು ಎತ್ತಿ ಏನನ್ನೂ ಕುಡಿಯಕೂಡದು, ಹದಿನೈದು ದಿನಕ್ಕೊಮ್ಮೆ ನೋಡೋಣ ಎಂದು ಅಲ್ಲೇ ಬರೆದರು. ತಂಗಿಯೂ ತನ್ನ ವರದಿ ಬರೆದಳು. ಅದನ್ನು ನನಗೆ ಓದಲು ಕೊಟ್ಟಳು, ಕನ್ನಡಕ್ಕೆ ತಂದು ಅತ್ತೆಗೆ ವಿವರಿಸಲಿ ಎಂದು. ಅದರಲ್ಲಿ ಒಂದು ಸಾಲು ಹೀಗಿತ್ತು: ಮೊದಲ ಎರಡು ಪರೀಕ್ಷೆಗಳಲ್ಲಿ ರೋಗಿ ಮನೆಯಲ್ಲಿ ನೀರು ಕುಡಿಯುವ ಭಂಗಿಯನ್ನು ನಾನು ಕೇಳಿರಲಿಲ್ಲ, ಕೇಳಬೇಕಾಗಿತ್ತು.

“ಇದನ್ನ ಬರೀಲೇಬೇಕಾ?” ಎಂದೆ.

“ನಡೆದಿದ್ದು ತಾನೆ?” ಎಂದಳು.

ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಲು ನಾವು ಎಷ್ಟು ಒದ್ದಾಡುತ್ತೇವೆ ಎಂದು ನನಗೆ ಗೊತ್ತು. ಅವಳು ಸಹಿ ಹಾಕಿ ಫೈಲಿಗೆ ಸೇರಿಸಿ ಮುಂದಿನ ರೋಗಿಯ ಹತ್ತಿರ ಹೋದಳು. ಹೆಮ್ಮೆ ಎನ್ನುವ ಪದವನ್ನು ನಾನು ವರದಿಗಳಲ್ಲಿ ಬಳಸುವುದಿಲ್ಲ. ಟಿಪ್ಪಣಿ ಪುಸ್ತಕದ ಆ ಪುಟದಲ್ಲಿ ಅದು ಇದೆ.

ಎತ್ತಬಾರದು ಎಂದು ಹೇಳುವುದು ಸುಲಭ. ಮಾವನ ಕೈ ಕೇಳಬೇಕಲ್ಲ. ಮನೆಗೆ ಹೋದ ಮೊದಲ ದಿನವೇ ಎರಡು ಸಲ ಲೋಟ ತಾನಾಗಿ ಮೇಲೆ ಹೋಯಿತಂತೆ, ಅತ್ತೆ ಕೈ ಹಿಡಿದುಕೊಂಡರಂತೆ. ಕಚ್ಚಿ ಕುಡಿ ಎಂದರೆ ಮಾವನಿಗೆ ಮುಜುಗರ. ಎಲ್ಲರ ಲೋಟ ಎಂಜಲು ಮಾಡಬೇಕಲ್ಲ ಎಂಬುದು ಒಂದು, ಕಾಯಿಲೆಯವನಿಗೆ ಬೇರೆ ಲೋಟ ಇಟ್ಟಂತಾಯಿತಲ್ಲ ಎಂಬುದು ಇನ್ನೊಂದು. ದಾರಿ ತೋರಿಸಿದ್ದು ಅತ್ತೆ. ಚನ್ನರಾಯಪಟ್ಟಣದ ಪಾತ್ರೆ ಅಂಗಡಿಗೆ ಹೋಗಿ ಅಗಲ ಬಾಯಿಯ ಒಂದು ಸ್ಟೀಲ್ ಲೋಟ ತಂದರು. ಕತ್ತು ಎತ್ತದೆ ಕುಡಿಯಲು ಬಾಯಿ ಅಗಲ ಇರಬೇಕು ಎಂದು ತಂಗಿ ಹೇಳಿದ್ದಳು. ಅಂಗಡಿಯಲ್ಲಿ ಪಾತ್ರೆಗೆ ಹೆಸರು ಕೆತ್ತಿಕೊಡುತ್ತಾರೆ. ಏನು ಹೆಸರು ಎಂದು ಕೇಳಿದ್ದಕ್ಕೆ ಅತ್ತೆ ಗಂಡನ ಹೆಸರು ಹೇಳಲಿಲ್ಲ. “ಕಂಡಕ್ಟರ್ ಅಂತ ಆಕಪ್ಪ” ಎಂದರು.

ಲೋಟವನ್ನು ಮಾವನ ಕೈಗೆ ಕೊಡುವಾಗ ನಾನೂ ತಂಗಿಯೂ ಬಾಗೂರಿನಲ್ಲಿದ್ದೆವು.

“ಇದು ನಿಮ್ ಸೀಟು. ಇನ್ಯಾರೂ ಕೂರಂಗಿಲ್ಲ” ಎಂದರು ಅತ್ತೆ.

ಮಾವ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದರು. “ರಿಸರ್ವೇಸನ್ನಾ?” ಎಂದರು. ನೀರು ಹಾಕಿಸಿಕೊಂಡು, ಗದ್ದ ತಗ್ಗಿಸಿ, ಒಂದು ಗುಟುಕು ಕಚ್ಚಿ ಕುಡಿದರು. ಯಾರೂ ಹೇಳದೆಯೇ ಆ ಅಂದರು. ದನಿ ಒಣಗಿತ್ತು.

ಮುದ್ದೆಯ ವಿಷಯ ಉಳಿದಿತ್ತು. ತಂಗಿ ಓದಿದ ಪುಸ್ತಕಗಳಲ್ಲಿ ಎಲ್ಲದಕ್ಕೂ ಚೆನ್ನಾಗಿ ಅಗಿದು ನುಂಗಿ ಎಂದಿದೆ. ಅವಳು ಅದನ್ನು ಹೇಳಿದ್ದಕ್ಕೆ ಮಾವ ಅತ್ತೆಯ ಕಡೆ ನೋಡಿ ನಕ್ಕರು.

“ಮುದ್ದೆ ಅಗಿಯೋರ ಯಾರಾರ ಕಂಡಿದ್ಯೇನೆ? ಹಲ್ಲಿಗಂಟ್ಕಳಕಿಲ್ವಾ?”

“ಅಗಿಯೋದು ಬೇಡ. ಆದ್ರೆ ಅಂಟಿಕೊಳ್ಳೋದು ಗಂಟಲಲ್ಲೂ ಅಂಟಿಕೊಳ್ಳುತ್ತೆ ಮಾವ. ನಾನು ಹೂಂ ಅನ್ನೋವರ್ಗೂ ಮುಟ್ಟಂಗಿಲ್ಲ.”

ಅವಳು ಹೂಂ ಅನ್ನಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಮೊದಲು ರಾಗಿ ಗಂಜಿ, ಆಮೇಲೆ ಚಮಚ ಓರೆ ಮಾಡಿದರೆ ಮೆಲ್ಲಗೆ ಜಾರುವಷ್ಟು ಗಟ್ಟಿಯಾದ ಅಂಬಲಿ. ಎಕ್ಸರೇ ಕೋಣೆಯಲ್ಲಿ ಇನ್ನೊಂದು ಪರೀಕ್ಷೆಯಾಯಿತು. ಅದಕ್ಕೆ ಅತ್ತೆ ಡಬ್ಬಿಯಲ್ಲಿ ಮೆತ್ತನೆಯ ಮುದ್ದೆ ಮತ್ತು ಅವರೆಕಾಳಿನ ಸಾರು ತಂದಿದ್ದರು, ಕಾಳು ಸೋಸಿ. ಎಕ್ಸರೇ ಕೋಣೆಯವರು ಮುದ್ದೆಗೆ ಬಿಳಿ ಔಷಧಿ ಕಲಸಿದ್ದು ಅದೇ ಮೊದಲಂತೆ. ಕಡಲೆಕಾಯಿ ಬೀಜದಷ್ಟು ತುತ್ತು, ಸಾರಿನಲ್ಲಿ ಹೊರಳಿಸಿ, ಗದ್ದ ತಗ್ಗಿಸಿ, ಒಂದು ತುತ್ತಿಗೆ ಎರಡು ಸಲ ನುಂಗುವುದು. ಗೆರೆ ಹಿಂಬದಿಯ ದಾರಿಯಲ್ಲೇ ಇಳಿಯಿತು. ಸ್ವಲ್ಪ ಮೇಲೆ ಉಳಿದದ್ದು ಎರಡನೆಯ ಸಲಕ್ಕೆ ಹೋಯಿತು. ಮಾವನೇ ಪರದೆ ನೋಡಿ, “ರೈಟ್ ರೈಟ್!” ಎಂದು ಕೂಗಿದರು. ತಂಗಿ, “ಉಣ್ಣುವಾಗ ಮಾತಿಲ್ಲ” ಎಂದಳು.

ಬಾಗೂರಿನ ಬಸ್ ನಿಲ್ದಾಣದ ಹತ್ತಿರ ಮಾವ ಈಗ ಸಂಜೆ ಕೋಲು ಹಿಡಿದು ಹೋಗಿ ಕೂರುತ್ತಾರೆ. ಕೇಳಿದವರಿಗೂ ಕೇಳದವರಿಗೂ ಹೇಳುವುದು ಒಂದೇ. “ನುಂಗದು ಅಂದ್ರೆ ಸುಮ್ನೆ ಅಂದ್ಕಂಡಿದ್ದೀರಾ? ಅದಕ್ಕೂ ಕಾಲೇಜದೆ ಕಣ್ರಪ್ಪಾ. ನನ್ ತಂಗಿ ಮಗ್ಳು ಓದವ್ಳೆ.”

ತಂಗಿಯ ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆಗೆ ಒಂದು ಅಚ್ಚಾದ ಹಾಳೆ ಇದೆ. ಯುಗಾದಿಯ ನಂತರ ಹೊಸದಾಗಿ ಅಚ್ಚು ಮಾಡಿಸಿದ್ದಾರೆ. ಅದರ ಮೊದಲ ಪ್ರಶ್ನೆ: ಮನೆಯಲ್ಲಿ ನೀರು ಕುಡಿಯುವುದು ಎತ್ತಿಯೋ, ಕಚ್ಚಿಯೋ? ಅರಕಲಗೂಡಿನ ಶಿಬಿರದಲ್ಲೂ ಗುರುವಾರಗಳಂದು ಅದೇ ಹಾಳೆ ಬಳಸುತ್ತಿದ್ದಾರೆ. ಡ್ರಮ್ಮಿನ ಪಕ್ಕದಲ್ಲಿ ಈಗ ಒಂದು ಬುಟ್ಟಿ ಕಾಗದದ ಲೋಟ ಇದೆ. ಸರಪಳಿಯ ಲೋಟವೂ ಇದೆ.

ಕಳೆದ ಭಾನುವಾರ ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಮಾವ ಊಟಕ್ಕೆ ಕೂತರು. ಮೆತ್ತನೆಯ ಅರ್ಧ ಮುದ್ದೆ, ಸೋಸಿದ ಬಸ್ಸಾರು, ಹೆಸರು ಕೆತ್ತಿದ ಲೋಟದಲ್ಲಿ ನೀರು. ಮುಗಿಸಲು ಮೂವತ್ತೊಂದು ನಿಮಿಷ ಹಿಡಿಯಿತು. ನೀರನ್ನು ಕಚ್ಚಿ ಕುಡಿದರು. ಸಂಜೆ ಐದಕ್ಕೆ ಅತ್ತೆ ಥರ್ಮಾಮೀಟರ್ ಇಟ್ಟು ನೋಡಿದರು. ತೊಂಬತ್ತೆಂಟು ಪಾಯಿಂಟ್ ನಾಲ್ಕು.